ಬಾಲ್ಯದ ಉಬ್ಬಸ, ಸೇನೆಯ ಮೆಡಿಕಲ್: ಓದುಗರ ಪ್ರಶ್ನೆಗಳಿಗೆ ಉತ್ತರ

ಅಗ್ನಿವೀರ ಭರ್ತಿಯ ಓಟ ಮತ್ತು ದೈಹಿಕ ಪರೀಕ್ಷೆಗಳ ಕುರಿತು ಈ ಅಂಕಣದಲ್ಲಿ ಹಿಂದೆ ಬರೆದಾಗ ಬಂದ ಪತ್ರಗಳಲ್ಲಿ ಹೆಚ್ಚಿನವು ಓಟದ ಬಗ್ಗೆ ಇರಲೇ ಇಲ್ಲ. ಚಿಕ್ಕಂದಿನಲ್ಲಿ ಮಗುವಿಗೆ ಬಂದಿದ್ದ ಉಬ್ಬಸ, ಕಫ, ನ್ಯುಮೋನಿಯಾ, ಕ್ಷಯಗಳ ಬಗ್ಗೆ ಇದ್ದವು. ಅವುಗಳಲ್ಲಿ ಐದನ್ನು ಆರಿಸಿ ಇಲ್ಲಿ ಉತ್ತರಿಸಿದ್ದೇನೆ. ಬರೆದವರ ಹೆಸರುಗಳನ್ನು ಬಿಟ್ಟಿದ್ದೇನೆ.

ನನ್ನ ಮಗನಿಗೆ 18 ವರ್ಷ. ಅಗ್ನಿವೀರ ಆನ್‌ಲೈನ್ ಪರೀಕ್ಷೆಯಲ್ಲಿ ಪಾಸಾಗಿದ್ದಾನೆ, 1.6 ಕಿ.ಮೀ. ಓಟವನ್ನು 5 ನಿಮಿಷ 20 ಸೆಕೆಂಡಿನಲ್ಲಿ ಮುಗಿಸುತ್ತಾನೆ. ಆದರೆ ಕೂಸಾಗಿದ್ದಾಗ ನೆಗಡಿ ಬಂದಾಗಲೆಲ್ಲ ಅವನ ಎದೆ ಗೊರಗೊರ ಎನ್ನುತ್ತಿತ್ತು. ನಾಲ್ಕೈದು ಸಲ ನೆಬ್ಯುಲೈಸರ್ ಇಡಿಸಿದ್ದೆವು. ಐದು ವರ್ಷ ತುಂಬಿದ ಮೇಲೆ ಒಮ್ಮೆಯೂ ಬಂದಿಲ್ಲ. ಆಗಿನ ಒಂದು ಚೀಟಿಯಲ್ಲಿ ‘ಅಸ್ತಮಾ’ ಎಂದು ಬರೆದಿದೆ. ಅದನ್ನು ಸುಟ್ಟುಹಾಕಿ, ಯಾರಿಗೂ ಹೇಳಬೇಡಿ ಎಂದು ಇಲ್ಲಿಯ ತರಬೇತಿ ಕೇಂದ್ರದವರು ಹೇಳುತ್ತಾರೆ. ಏನು ಮಾಡಲಿ? — ಹಾವೇರಿ ಜಿಲ್ಲೆಯ ಒಬ್ಬ ತಂದೆ

ಚೀಟಿಯನ್ನು ಸುಡಬೇಡಿ. ಅದು ನಿಮ್ಮ ಮಗನಿಗೆ ವಿರುದ್ಧವಾದ ಸಾಕ್ಷಿ ಎಂದು ನೀವು ಭಾವಿಸಿದ್ದೀರಿ. ಸರಿಯಾಗಿ ಓದಿದರೆ ಅದೇ ಅವನ ಪರವಾದ ಸಾಕ್ಷಿಯಾಗಬಹುದು, ಏಕೆಂದರೆ ಅದರ ಮೇಲೆ ತಾರೀಖಿದೆ.

ಮೊದಲು ಆ ಪದದ ವಿಷಯ. ಎರಡು-ಮೂರು ವರ್ಷದೊಳಗಿನ ಮಕ್ಕಳ ಶ್ವಾಸನಾಳಗಳು ತೀರ ಸಣ್ಣವು. ನಾಳದ ಒಳ ಅಳತೆ ಅರ್ಧಕ್ಕೆ ಇಳಿದರೆ ಗಾಳಿ ಹರಿಯಲು ಇರುವ ತಡೆ ಎರಡು ಪಟ್ಟಲ್ಲ, ಹದಿನಾರು ಪಟ್ಟು ಏರುತ್ತದೆ. ದೊಡ್ಡವರಲ್ಲಿ ಬರೀ ಮೂಗು ಸೋರಿಸಿ ಹೋಗುವ ವೈರಸ್ ಸೋಂಕು ಕೂಸಿನಲ್ಲಿ ಸಿಳ್ಳೆಯಂಥ ಉಸಿರಾಟಕ್ಕೆ, ಪಕ್ಕೆ ಸೆಳೆತಕ್ಕೆ ಕಾರಣವಾಗುವುದು ಇದರಿಂದಲೇ. ಮಗು ಬೆಳೆದಂತೆ ನಾಳಗಳೂ ಬೆಳೆಯುತ್ತವೆ, ಬಹಳ ಮಕ್ಕಳಲ್ಲಿ ಈ ತೊಂದರೆ ತಾನಾಗಿಯೇ ನಿಂತುಹೋಗುತ್ತದೆ. ಅಮೆರಿಕದ ಅರಿಜೋನಾ ರಾಜ್ಯದ ಟ್ಯೂಸಾನ್ ನಗರದಲ್ಲಿ 1980ರಿಂದ ನವಜಾತ ಶಿಶುಗಳನ್ನು ದಾಖಲಿಸಿಕೊಂಡು ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನವೊಂದರ ಫಲಿತಾಂಶ 1995ರಲ್ಲಿ ಪ್ರಕಟವಾಯಿತು. ಮೂರು ವರ್ಷದೊಳಗೆ ಒಮ್ಮೆಯಾದರೂ ಉಬ್ಬಸ ಬಂದಿದ್ದ ಮಕ್ಕಳಲ್ಲಿ ಸುಮಾರು 60 ಶೇಕಡ ಮಂದಿಗೆ ಆರನೆಯ ವಯಸ್ಸಿನ ಹೊತ್ತಿಗೆ ಅದು ಇರಲಿಲ್ಲ ಎಂಬುದು ಅದರಲ್ಲಿ ಕಂಡ ಸಂಗತಿ. ನಿಮ್ಮ ಮಗ ಬಹುಶಃ ಈ ಗುಂಪಿಗೆ ಸೇರಿದವನು. ಆದರೆ ರಾತ್ರಿ ಹನ್ನೊಂದು ಗಂಟೆಗೆ ಏದುಸಿರು ಬಿಡುತ್ತಿರುವ ಕೂಸನ್ನು ಮಡಿಲಲ್ಲಿಟ್ಟುಕೊಂಡು ಬಂದ ತಾಯಿಯ ಎದುರು ಕುಳಿತ ಡಾಕ್ಟರು ಇಷ್ಟೆಲ್ಲ ವಿವೇಚನೆ ಮಾಡುವ ಸ್ಥಿತಿಯಲ್ಲಿ ಇರುವುದಿಲ್ಲ. ಚೀಟಿಯ ಮೇಲೆ ಒಬ್ಬರು ‘ವೀಜಿಂಗ್’ ಎಂದು ಬರೆದರೆ, ಇನ್ನೊಬ್ಬರು ‘ಅಲರ್ಜಿ ಬ್ರಾಂಕೈಟಿಸ್’ ಎಂದು, ಮತ್ತೊಬ್ಬರು ‘ಅಸ್ತಮಾ’ ಎಂದು ಬರೆಯುತ್ತಾರೆ.

ಸೇನೆಯ ವೈದ್ಯಕೀಯ ಮಂಡಳಿ ನೋಡುವುದು ಎರಡು ವಿಷಯಗಳನ್ನು: ಈಗ ಎದೆ ಹೇಗಿದೆ, ಮತ್ತು ತೊಂದರೆ ಪದೇ ಪದೇ ಬಂದ ಇತಿಹಾಸವಿದೆಯೇ. ಉದಾಹರಣೆಗೆ, ಸೇನಾಧಿಕಾರಿಗಳನ್ನು ತಯಾರು ಮಾಡುವ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ (ಎನ್‌ಡಿಎ) ಪ್ರವೇಶ ಪರೀಕ್ಷೆಗಾಗಿ ಯುಪಿಎಸ್‌ಸಿ ಹೊರಡಿಸುವ ಪ್ರಕಟಣೆಯ ಅನುಬಂಧದಲ್ಲಿ ವಾಯುಪಡೆಯ ಮಾನದಂಡಗಳನ್ನು ಬಿಡಿಸಿ ಕೊಟ್ಟಿದ್ದಾರೆ. ಅಸ್ತಮಾ, ಉಬ್ಬಸ, ಮೂಗಿನ ಅಲರ್ಜಿ ಮರುಕಳಿಸುತ್ತಿದ್ದ ಇತಿಹಾಸವಿದ್ದರೆ ತಿರಸ್ಕಾರಕ್ಕೆ ಕಾರಣವಾಗುತ್ತದೆ ಎಂದು ಅಲ್ಲಿ ಸ್ಪಷ್ಟವಾಗಿಯೇ ಇದೆ. ಪದೇ ಪದೇ ಕೆಮ್ಮು, ಬ್ರಾಂಕೈಟಿಸ್ ಬಂದಿದ್ದರೂ ಅದನ್ನು ಶ್ವಾಸಾಂಗದ ದೀರ್ಘಕಾಲದ ರೋಗದ ಲಕ್ಷಣವೆಂದು ಪರಿಗಣಿಸಬಹುದು. ಎಷ್ಟು ಸಲ ಬಂದರೆ ‘ಪದೇ ಪದೇ’ ಎಂದು ಅಲ್ಲಿ ಹೇಳಿಲ್ಲ. ಆ ತೀರ್ಮಾನವನ್ನು ವೈದ್ಯಾಧಿಕಾರಿಯ ವಿವೇಚನೆಗೆ ಬಿಟ್ಟಿದ್ದಾರೆ. ಆದ್ದರಿಂದ ನಿಮ್ಮ ಮಗನ ಆಯ್ಕೆ ಖಚಿತ ಎಂದು ನಾನು ಬರೆದುಕೊಡಲಾರೆ. ಆದರೆ ಹದಿಮೂರು ವರ್ಷಗಳಿಂದ ಒಂದು ದಿನವೂ ಔಷಧ ಮುಟ್ಟದೆ, ಐದೂಕಾಲು ನಿಮಿಷದ ಆಸುಪಾಸಿನಲ್ಲಿ ಒಂದು ಮೈಲಿ ಓಡುವ ಹುಡುಗನ ಎದೆ ತಾನೇ ಒಂದು ಉತ್ತರ ಹೇಳುತ್ತಿದೆ.

ಮೆಡಿಕಲ್ ನಡೆಯುವ ಕೋಣೆಯಲ್ಲಿ ಏನಾಗುತ್ತದೆ ಎಂಬುದನ್ನು ಸ್ವಲ್ಪ ಹೇಳುತ್ತೇನೆ. ನಿವೃತ್ತಿಗೆ ಮೊದಲು ಎಷ್ಟೋ ಬೆಳಗುಗಳನ್ನು ನಾನು ಅಲ್ಲಿ ಕಳೆದಿದ್ದೇನೆ. ಹುಡುಗರು ಚಡ್ಡಿಯಲ್ಲಿ ಸಾಲಾಗಿ ನಿಂತಿರುತ್ತಾರೆ. ಅಳತೆಪಟ್ಟಿ ಎದೆಗೆ ಸುತ್ತಿ, ಉಸಿರು ಬಿಡಿಸಿ ಒಮ್ಮೆ, ಎಳೆಸಿ ಒಮ್ಮೆ ಅಳೆಯುತ್ತಾರೆ. ಕನಿಷ್ಠ 5 ಸೆಂ.ಮೀ. ಹಿಗ್ಗಬೇಕು. ಆಮೇಲೆ ವೈದ್ಯರು ಸ್ಟೆತಸ್ಕೋಪನ್ನು ಬೆನ್ನಿಗೆ ಇಟ್ಟು, ಬಾಯಿ ತೆರೆದು ಜೋರಾಗಿ, ಕೊನೆಯ ಹನಿ ಗಾಳಿಯೂ ಹೋಗುವ ತನಕ ಊದು ಎನ್ನುತ್ತಾರೆ. ಸುಮ್ಮನೆ ಉಸಿರಾಡುವಾಗ ಕೇಳದ ಸಿಳ್ಳೆ ಈ ಜೋರು ಊದುವಿಕೆಯ ಕೊನೆಯಲ್ಲಿ ಸಣ್ಣಗೆ ಕೇಳಿಬಿಡುತ್ತದೆ. ಮೆಡಿಕಲ್ ದಿನ ಬೆಳಿಗ್ಗೆ ಇನ್‌ಹೇಲರಿನಿಂದ ಎರಡು ಪಫ್ ಎಳೆದುಕೊಂಡು ಬರುವ ಹುಡುಗರೂ ಇರುತ್ತಾರೆ. ಅದರ ಪ್ರಭಾವ ನಾಲ್ಕರಿಂದ ಆರು ಗಂಟೆ. ಅವರ ಸರದಿ ಮಧ್ಯಾಹ್ನಕ್ಕೆ ಬಂದರೆ ಕೈ ನಡುಗುವುದೂ ಕಾಣುತ್ತದೆ, ಸಿಳ್ಳೆಯೂ ಕೇಳುತ್ತದೆ.

ಈಗ ನೀವು ಮಾಡಬೇಕಾದದ್ದು. ಜಿಲ್ಲಾ ಆಸ್ಪತ್ರೆಯಲ್ಲೋ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲೋ ಶ್ವಾಸಕೋಶ ತಜ್ಞರನ್ನು ಕಂಡು ಸ್ಪೈರೋಮೆಟ್ರಿ ಮಾಡಿಸಿ. ಕೊಳವೆಯೊಂದಕ್ಕೆ ಬಾಯಿ ಹಚ್ಚಿ ಊದುವ ಪರೀಕ್ಷೆ ಅದು. ಊದಿ ಹೊರಹಾಕುವ ಗಾಳಿಯಲ್ಲಿ ಎಷ್ಟು ಪಾಲು ಮೊದಲ ಸೆಕೆಂಡಿನಲ್ಲಿ ಹೊರಬರುತ್ತದೆ ಎಂಬುದನ್ನು ತೋರಿಸುತ್ತದೆ. ಆಮೇಲೆ ನಾಳ ಹಿಗ್ಗಿಸುವ ಔಷಧ ಕೊಟ್ಟು ಮತ್ತೆ ಊದಿಸುತ್ತಾರೆ. ಎರಡನೆಯ ಸಲದ ಅಳತೆ 12 ಶೇಕಡಕ್ಕಿಂತ, ಹಾಗೂ 200 ಮಿಲಿ ಲೀಟರಿಗಿಂತ ಹೆಚ್ಚು ಏರಿದರೆ ನಾಳಗಳಲ್ಲಿ ಈಗಲೂ ಸಂಕೋಚವಿದೆ ಎಂದು ಅರ್ಥ. ಓಡಿಸಿದ ಮೇಲೆ ಮಾಡುವ ಪರೀಕ್ಷೆಯೂ ಇದೆ. ಅನುಮಾನ ಇದ್ದರೆ ತಜ್ಞರೇ ಹೇಳುತ್ತಾರೆ. ಎಲ್ಲ ಸರಿಯಿದ್ದರೆ ಆ ವರದಿ, ಹಳೆಯ ಚೀಟಿ, ಎದೆಯ ಎಕ್ಸ್‌ರೇ ಮೂರನ್ನೂ ಒಂದು ಫೈಲಿನಲ್ಲಿ ಇಡಿ. ಹೊರಗಿನ ವೈದ್ಯರ ಪ್ರಮಾಣಪತ್ರಕ್ಕೆ ಸೇನಾ ಮಂಡಳಿ ಕಟ್ಟುಬಿದ್ದಿಲ್ಲ, ನಿಜ. ಆದರೂ ಈ ಪರೀಕ್ಷೆಯಿಂದ ಮೊದಲ ಲಾಭ ನಿಮಗೇ: ಮಗನ ಎದೆಯಲ್ಲಿ ಏನಿದೆ ಎಂಬುದು ನಿಮಗೆ ಮೊದಲು ಗೊತ್ತಾಗುತ್ತದೆ.

ಹಿಂದೆ ಇದ್ದ ಕಾಯಿಲೆಗಳ ಬಗ್ಗೆ ಕೇಳಿದಾಗ ಮಗ ನೇರವಾಗಿ ಹೇಳಲಿ: “ಐದು ವರ್ಷದ ತನಕ ನೆಗಡಿ ಬಂದಾಗ ಉಬ್ಬಸ ಇತ್ತು ಸರ್, ಆಮೇಲೆ ಬಂದಿಲ್ಲ, ಔಷಧ ತಗೊಂಡಿಲ್ಲ.” ಅಭ್ಯರ್ಥಿ ತನ್ನ ಆರೋಗ್ಯದ ಬಗ್ಗೆ ಸಹಿ ಹಾಕಿ ಕೊಡುವ ಹೇಳಿಕೆ ಕಡತದಲ್ಲಿ ಉಳಿಯುತ್ತದೆ. ತರಬೇತಿಯ ಮೊದಲ ಚಳಿಗಾಲದಲ್ಲಿ ಉಬ್ಬಸ ಮರಳಿ, ಮಿಲಿಟರಿ ಆಸ್ಪತ್ರೆಯ ಹಾಸಿಗೆಯ ಮೇಲೆ ಹುಡುಗನೇ ಬಾಯಿಬಿಟ್ಟು ಚಿಕ್ಕಂದಿನ ಕಥೆ ಹೇಳಿದಾಗ, ಆ ಸಹಿ ಸುಳ್ಳಿನ ದಾಖಲೆಯಾಗಿ ನಿಲ್ಲುತ್ತದೆ. ಚೀಟಿ ಸುಡಿ ಎಂದವರು ಅಂದು ಅವನ ಪಕ್ಕದಲ್ಲಿ ಇರುವುದಿಲ್ಲ. ಮೆಡಿಕಲ್ ಪಾಸ್ ಮಾಡಿಸಿಕೊಡುತ್ತೇವೆ ಎಂದು ಹಣ ಕೇಳುವ ದಲ್ಲಾಳಿಗಳು ಬಂದರೆ ಬಾಗಿಲು ಹಾಕಿಕೊಳ್ಳಿ.

ಒಂದು ವೇಳೆ ‘ಅನ್‌ಫಿಟ್’ ಎಂದರೆ ಅಲ್ಲಿಗೇ ಮುಗಿಯುವುದಿಲ್ಲ. ಅಗ್ನಿವೀರ ಅಭ್ಯರ್ಥಿಗಳನ್ನು ತಜ್ಞರ ಮರುಪರೀಕ್ಷೆಗಾಗಿ ನಿಗದಿತ ಮಿಲಿಟರಿ ಆಸ್ಪತ್ರೆಗೆ ಕಳುಹಿಸುವ ವ್ಯವಸ್ಥೆಯಿದೆ. ಯಾವ ಆಸ್ಪತ್ರೆ, ಯಾವ ದಿನದೊಳಗೆ ಎಂಬುದನ್ನು ಕೊಡುವ ಕಾಗದದಲ್ಲೇ ಬರೆದಿರುತ್ತಾರೆ. ದಿನಗಳು ಬಹಳ ಕಡಿಮೆ ಇರುವುದರಿಂದ ಊರಿಗೆ ಹೋಗಿ ಯೋಚಿಸೋಣ ಎಂದು ಕುಳಿತರೆ ಅವಕಾಶ ತಪ್ಪುತ್ತದೆ. ಅಂದಹಾಗೆ, ಭರ್ತಿಗೆ ಹೊರಡುವ ಮುನ್ನ ಕಿವಿಯ ಗುಗ್ಗೆಯನ್ನೂ ತೆಗೆಸಿಕೊಂಡು ಹೋಗಲಿ. ಎದೆಯ ಚಿಂತೆಯಲ್ಲಿ ಎಲ್ಲರೂ ಅದನ್ನು ಮರೆಯುತ್ತಾರೆ, ವೈದ್ಯರು ಕಿವಿಯೊಳಗೆ ನೋಡಲಾಗದೆ ಹುಡುಗರನ್ನು ಪಕ್ಕಕ್ಕೆ ನಿಲ್ಲಿಸುತ್ತಾರೆ.

ನನ್ನ ಮಗಳಿಗೆ 14 ವರ್ಷ. ಮಡಿಕೇರಿಯ ಜನರಲ್ ತಿಮ್ಮಯ್ಯ ವಸ್ತುಸಂಗ್ರಹಾಲಯ ನೋಡಿ ಬಂದಾಗಿನಿಂದ ಎನ್‌ಡಿಎ ಸೇರುತ್ತೇನೆ ಎಂದು ಹಟ ಹಿಡಿದಿದ್ದಾಳೆ. ಏಳು ವರ್ಷದಿಂದ ಅವಳಿಗೆ ಅಸ್ತಮಾ ಇದೆ, ಮಳೆಗಾಲದಲ್ಲಿ ಹೆಚ್ಚು. ದಿನಾ ಇನ್‌ಹೇಲರ್ ತೆಗೆದುಕೊಳ್ಳುತ್ತಾಳೆ. ‘ಇನ್‌ಹೇಲರ್ ರೂಢಿಯಾದರೆ ಸೇನೆಗೆ ತೆಗೆದುಕೊಳ್ಳುವುದಿಲ್ಲ, ಈಗಲೇ ಬಿಡಿಸಿ’ ಎಂದು ನಮ್ಮ ಮಾವನವರು ಹೇಳುತ್ತಾರೆ. — ಕೊಡಗಿನ ಒಬ್ಬ ತಾಯಿ

ತಾಯೀ, ದಯವಿಟ್ಟು ಬಿಡಿಸಬೇಡಿ. ಹಿರಿಯರ ಆತಂಕ ನನಗೆ ಅರ್ಥವಾಗುತ್ತದೆ, ಆದರೆ ಅವರು ಕಾರಣ ಮತ್ತು ಪರಿಣಾಮವನ್ನು ತಿರುವುಮುರುವು ಮಾಡಿಕೊಂಡಿದ್ದಾರೆ. ಸೇನೆ ಬೇಡವೆನ್ನುವುದು ಇನ್‌ಹೇಲರನ್ನಲ್ಲ, ಅದು ಬೇಕಾಗುವ ಎದೆಯನ್ನು. ದಿನದ ಔಷಧ ನಾಳಗಳ ಒಳಗಿನ ಉರಿಯೂತವನ್ನು ತಗ್ಗಿಸಿ ಇಡುತ್ತದೆ; ಅದನ್ನು ನಿಲ್ಲಿಸಿದರೆ ಕಾಯಿಲೆ ಹೋಗುವುದಿಲ್ಲ, ಹಿಡಿತ ತಪ್ಪುತ್ತದೆ. ಕೊಡಗಿನ ಮಳೆಗಾಲದ ತೇವ, ಗೋಡೆಯ ಬೂಷ್ಟು, ಒಲೆಯ ಹೊಗೆ ಇವುಗಳ ನಡುವೆ ಹಿಡಿತ ತಪ್ಪಿದ ಅಸ್ತಮಾ ಆಟವಲ್ಲ. ತಕ್ಷಣ ಉಸಿರು ಸಲೀಸು ಮಾಡುವ ಪಫ್ ಒಂದನ್ನೇ ನೆಚ್ಚಿಕೊಳ್ಳುವ ರೂಢಿಯೂ ಸರಿಯಲ್ಲ: 12 ವರ್ಷ ಮೇಲ್ಪಟ್ಟವರಿಗೆ ಅದನ್ನೊಂದನ್ನೇ ಕೊಡಬಾರದು ಎಂದು ಅಂತರರಾಷ್ಟ್ರೀಯ ಅಸ್ತಮಾ ಮಾರ್ಗಸೂಚಿ 2019ರಿಂದ ಹೇಳುತ್ತಿದೆ.

ಇನ್ನು ಎನ್‌ಡಿಎ. ಸುಪ್ರೀಂ ಕೋರ್ಟಿನ 2021ರ ಮಧ್ಯಂತರ ಆದೇಶದ ನಂತರ ಹೆಣ್ಣುಮಕ್ಕಳಿಗೆ ಆ ಬಾಗಿಲು ತೆರೆಯಿತು. 2022ರಲ್ಲಿ ಒಳಗೆ ಹೋದ ಮೊದಲ ತಂಡದ 17 ಯುವತಿಯರು 2025ರ ಮೇ 30ರಂದು ತರಬೇತಿ ಮುಗಿಸಿ ಹೊರಬಂದರು. ನಿಮ್ಮ ಮಗಳ ಆಸೆ ದೊಡ್ಡದೇನಲ್ಲ, ನ್ಯಾಯವಾದದ್ದು. ಆದರೆ ಏಳು ವರ್ಷಗಳಿಂದ ಮರುಕಳಿಸುತ್ತಿರುವ, ಈಗಲೂ ದಿನಾ ಔಷಧ ಬೇಡುವ ಅಸ್ತಮಾ ಇರುವವರು ಮೂರೂ ಪಡೆಗಳ ಮೆಡಿಕಲ್‌ನಲ್ಲಿ ಉತ್ತೀರ್ಣರಾಗುವ ಸಂಭವ ತೀರ ಕಡಿಮೆ. ಹರೆಯದಲ್ಲಿ ಕೆಲವರಿಗೆ ಅಸ್ತಮಾ ಶಾಂತವಾಗುವುದುಂಟು. ಆದರೂ ‘ಮರುಕಳಿಸಿದ ಇತಿಹಾಸ’ ಎಂಬ ಮಾತು ನಿಯಮದಲ್ಲಿ ಇದ್ದೇ ಇದೆ. ಸುಳ್ಳು ಭರವಸೆ ಕೊಟ್ಟು ಅವಳ ನಾಲ್ಕು ವರ್ಷ ಕಳೆಯಲು ನನಗೆ ಮನಸ್ಸಿಲ್ಲ.

ಇಷ್ಟು ಕಟ್ಟುನಿಟ್ಟು ಏಕೆ ಎಂದು ಅವಳು ಕೇಳಿಯೇ ಕೇಳುತ್ತಾಳೆ. ಹೀಗೆ ಹೇಳಿ. ಲೇಹ್ ಪಟ್ಟಣವೇ ಸಮುದ್ರಮಟ್ಟದಿಂದ ಸುಮಾರು 3,500 ಮೀಟರ್ ಎತ್ತರದಲ್ಲಿದೆ. ಆರೋಗ್ಯವಂತ ಸೈನಿಕರನ್ನೂ ಅಲ್ಲಿ ಮೊದಲು ಆರು ದಿನ, ಮೇಲಿನ ಎರಡು ಹಂತಗಳಲ್ಲಿ ತಲಾ ನಾಲ್ಕು ದಿನ ನಿಲ್ಲಿಸಿ, ಹವೆಗೆ ಒಗ್ಗಿಸಿ ಮೇಲಕ್ಕೆ ಕಳುಹಿಸುತ್ತಾರೆ. 5,500 ಮೀಟರಿನ ಆಸುಪಾಸಿನ ಠಾಣೆಗಳಲ್ಲಿ ಗಾಳಿಯ ಒತ್ತಡ ನಮ್ಮ ಕರಾವಳಿಯಲ್ಲಿರುವುದರ ಅರ್ಧದಷ್ಟು. ಅಲ್ಲಿಯ ಗಾಳಿ ತೆಳುವು, ಕೊರೆಯುವ ಚಳಿಯದು, ಒಣಗಿದ್ದು. ಅಸ್ತಮಾ ಇರುವ ನಾಳಗಳನ್ನು ಕೆರಳಿಸಲು ಚಳಿಯ ಒಣಗಾಳಿಯಲ್ಲಿ ಏರು ಹತ್ತುವುದಕ್ಕಿಂತ ಹೆಚ್ಚಿನದೇನೂ ಬೇಕಿಲ್ಲ. ಹಿಮಗಾಳಿ ಬೀಸುತ್ತಿದ್ದರೆ ಹೆಲಿಕಾಪ್ಟರ್ ಏರುವುದಿಲ್ಲ. ಉಸಿರುಗಟ್ಟಿದ ಒಬ್ಬನನ್ನು ಕೆಳಗಿಳಿಸಲು ನಾಲ್ಕು ಜನ ಪ್ರಾಣ ಪಣಕ್ಕಿಡಬೇಕಾಗುತ್ತದೆ.

ಸಮವಸ್ತ್ರ ಒಂದೇ ದಾರಿಯಲ್ಲ ಎಂದು ಉಪದೇಶ ಮಾಡಿದರೆ ಆ ವಯಸ್ಸಿನವರಿಗೆ ಸಿಟ್ಟು ಬರುತ್ತದೆ, ಗೊತ್ತು. ಆದರೂ ಒಮ್ಮೆ ಬೆಂಗಳೂರಿನಲ್ಲಿರುವ, ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ‘ಡೆಬೆಲ್’ ಪ್ರಯೋಗಾಲಯದ ಬಗ್ಗೆ ಓದಿಸಿ. ತೇಜಸ್ ಯುದ್ಧವಿಮಾನದ ಪೈಲಟ್‌ಗೆ ಎತ್ತರದಲ್ಲಿ ಆಮ್ಲಜನಕ ಒದಗಿಸುವ ಉಪಕರಣವನ್ನು ರೂಪಿಸಿದ್ದು ಅದು. ಮೈಸೂರಿನಲ್ಲಿ ಸೈನಿಕರ ಆಹಾರದ ಪ್ರಯೋಗಾಲಯವಿದೆ. ಉಸಿರು ಸಾಲದಿರುವುದು ಹೇಗಿರುತ್ತದೆ ಎಂದು ಪುಸ್ತಕ ಓದದೆಯೇ ಬಲ್ಲ ಎಂಜಿನಿಯರ್ ಇಂಥ ಕಡೆ ಇರುವುದು ಒಳ್ಳೆಯದೆಂದೇ ನನ್ನ ಅನಿಸಿಕೆ.

12ನೆಯ ವಯಸ್ಸಿನಲ್ಲಿ ನನಗೆ ಶ್ವಾಸಕೋಶದ ಟಿಬಿ ಆಗಿ ಆರು ತಿಂಗಳ ಮಾತ್ರೆ ಪೂರ್ತಿ ತೆಗೆದುಕೊಂಡೆ. ಈಗ 18. ಎಕ್ಸ್‌ರೇಯಲ್ಲಿ ಕಲೆ ಉಳಿದಿದ್ದರೆ ಅಧಿಕಾರಿ ಹುದ್ದೆಗೆ ಪ್ರಯತ್ನಿಸುವುದೇ ಬೇಡವೇ? — ಕಲಬುರಗಿಯ ಒಬ್ಬ ವಿದ್ಯಾರ್ಥಿ

ಕಲೆ ಇದೆಯೋ ಇಲ್ಲವೋ ಎಂಬುದರ ಮೇಲೆಯೇ ಎಲ್ಲ ನಿಂತಿದೆ, ಆದ್ದರಿಂದ ಮೊದಲು ಹೊಸ ಎಕ್ಸ್‌ರೇ ತೆಗೆಸಿ. ಎಕ್ಸ್‌ರೇಯಲ್ಲಿ ಕಾಣುವಂಥ ಕಲೆ ಶ್ವಾಸಕೋಶದಲ್ಲೋ ಅದರ ಹೊರಪೊರೆಯಲ್ಲೋ ಉಳಿದಿದ್ದರೆ ವಾಯುಪಡೆಯ ನಿಯಮದಂತೆ ತಿರಸ್ಕಾರವೇ. ಗಮನಾರ್ಹ ಗುರುತೇನೂ ಉಳಿಯದೆ, ರೋಗ ಪತ್ತೆಯಾಗಿ ಚಿಕಿತ್ಸೆ ಮುಗಿದು ಎರಡು ವರ್ಷಕ್ಕಿಂತ ಹೆಚ್ಚಾಗಿದ್ದರೆ ಪರಿಗಣಿಸಬಹುದೆಂದು ಅದೇ ನಿಯಮ ಹೇಳುತ್ತದೆ. ನಿಮ್ಮ ಚಿಕಿತ್ಸೆ ಮುಗಿದು ಐದು ವರ್ಷವಾದರೂ ಆಗಿದೆ.

ಆದರೆ ಮೊದಲ ಮೆಡಿಕಲ್‌ನಲ್ಲೇ ‘ಫಿಟ್’ ಎನ್ನುತ್ತಾರೆಂದು ನಿರೀಕ್ಷಿಸಬೇಡಿ. ಇಂಥ ಪ್ರಕರಣಗಳ ತೀರ್ಮಾನ ಆಗುವುದು ಮೇಲ್ಮನವಿ ಅಥವಾ ಪುನರ್ವಿಮರ್ಶೆಯ ಮಂಡಳಿಯಲ್ಲಿ ಮಾತ್ರ. ಎದೆಯ ಸಿಟಿ ಸ್ಕ್ಯಾನ್, ಶ್ವಾಸನಾಳದೊಳಗೆ ದುರ್ಬೀನು ಇಳಿಸಿ ತೊಳೆದ ನೀರಿನ ಪರೀಕ್ಷೆ, ಟಿಬಿ ಪತ್ತೆಗೆ ಚರ್ಮದಲ್ಲಿ ಮಾಡುವ ಮಾಂಟೂ ಪರೀಕ್ಷೆ ಮೊದಲಾದವನ್ನು ತಜ್ಞರು ಹೇಳಬಹುದು. ಅಧಿಕಾರಿಗಳನ್ನು ಆರಿಸುವ ಎಸ್‌ಎಸ್‌ಬಿ ಸಂದರ್ಶನ ಗೆದ್ದು ಬಂದ ಹುಡುಗರು ಮೊದಲ ಮಂಡಳಿಯ ‘ಅನ್‌ಫಿಟ್’ ನೋಡಿದೊಡನೆ ರೈಲು ಹತ್ತಿ ಊರಿಗೆ ಹೋಗಿಬಿಡುತ್ತಾರೆ. ಅಧಿಕಾರಿ ಹುದ್ದೆಗಳಲ್ಲಿ ಮೇಲ್ಮನವಿ ಮಂಡಳಿಗೆ 42 ದಿನಗಳ ಅವಧಿ ಇದೆ, ಹಾಗೆ ಹೋಗಬೇಡಿ. ಮತ್ತೊಂದು ಮಾತು. ನಮ್ಮ ಕಡೆ ಮಗು ಸಣಕಲಾಗಿ, ಕೆಮ್ಮುತ್ತಿದ್ದರೆ ‘ಪ್ರೈಮರಿ ಕಾಂಪ್ಲೆಕ್ಸ್’ ಎಂದು ಹೇಳಿ ಟಿಬಿ ಮಾತ್ರೆ ಕೊಡುತ್ತಿದ್ದ ಕಾಲವೊಂದಿತ್ತು. ನಿಮ್ಮದು ಕಫ ಪರೀಕ್ಷೆಯಲ್ಲಿ ಖಚಿತವಾದ ಟಿಬಿಯೇ, ಅಥವಾ ಹೀಗೆ ಅಂದಾಜಿನ ಮೇಲೆ ಕೊಟ್ಟ ಚಿಕಿತ್ಸೆಯೇ ಎಂಬುದನ್ನು ಹಳೆಯ ಟಿಬಿ ಕಾರ್ಡು ಹುಡುಕಿ ತಿಳಿದುಕೊಳ್ಳಿ. ಮಂಡಳಿಯ ಎದುರು ಆ ಕಾರ್ಡು ಮಾತಿಗಿಂತ ಹೆಚ್ಚು ಕೆಲಸ ಮಾಡುತ್ತದೆ.

ನಾವು ಟೆಕ್ಸಸ್‌ನಲ್ಲಿ ಇರುವವರು. ಇಲ್ಲೇ ಹುಟ್ಟಿದ ನಮ್ಮ ಮಗ ಅಮೆರಿಕದ ಸೇನೆ ಸೇರಬೇಕೆನ್ನುತ್ತಾನೆ. ಅವನಿಗೆ ಅಸ್ತಮಾ ಎಂದು ಹೇಳಿದ್ದು 8ನೆಯ ವಯಸ್ಸಿನಲ್ಲಿ. ಕೊನೆಯ ಸಲ ಇನ್‌ಹೇಲರ್ ಬಳಸಿದ್ದು 11ರಲ್ಲಿ. ಅಲ್ಲಿಯ ನಿಯಮ ನಿಮಗೆ ಗೊತ್ತಿದ್ದರೆ ತಿಳಿಸಿ.

ಅಲ್ಲಿಯ ರಕ್ಷಣಾ ಇಲಾಖೆ ಒಂದು ಗೆರೆ ಎಳೆದಿದೆ: 13ನೆಯ ಹುಟ್ಟುಹಬ್ಬ. ಸೇನಾ ಪ್ರವೇಶದ ವೈದ್ಯಕೀಯ ಮಾನದಂಡಗಳ ಸೂಚನೆಯ ಪ್ರಕಾರ ಅಸ್ತಮಾ, ಅಸ್ತಮಾ ರೂಪದ ಬ್ರಾಂಕೈಟಿಸ್, ವ್ಯಾಯಾಮದಿಂದ ಬರುವ ಶ್ವಾಸನಾಳದ ಸೆಳೆತ ಇವೆಲ್ಲ 13 ತುಂಬಿದ ನಂತರ ಇದ್ದರೆ ಮಾತ್ರ ಅನರ್ಹತೆಗೆ ಕಾರಣ. ನೀವು ಬರೆದಿರುವುದು ಸರಿಯಾಗಿದ್ದರೆ ನಿಮ್ಮ ಮಗ ಗೆರೆಯ ಈಚೆ ಕ್ಷೇಮವಾಗಿದ್ದಾನೆ. ಗೆರೆ ದಾಟಿದವರಿಗೂ ವಿನಾಯಿತಿ ಕೇಳುವ ದಾರಿ ಅಲ್ಲಿದೆ. ನಮ್ಮ ನಿಯಮದಲ್ಲೂ ಇಂಥದೊಂದು ವಯಸ್ಸಿನ ಗೆರೆ ಇದ್ದಿದ್ದರೆ ಹಾವೇರಿಯ ತಂದೆಗೆ ನಾನು ಅಷ್ಟುದ್ದ ಬರೆಯಬೇಕಾಗಿರಲಿಲ್ಲ.

ಒಂದು ಎಚ್ಚರಿಕೆ: 2022ರಿಂದ ಅಲ್ಲಿಯ ಪ್ರವೇಶ ಕೇಂದ್ರಗಳಲ್ಲಿ ಅಭ್ಯರ್ಥಿಯ ಹಳೆಯ ಆಸ್ಪತ್ರೆ ಹಾಗೂ ಔಷಧದಂಗಡಿ ದಾಖಲೆಗಳನ್ನು ಗಣಕದಲ್ಲೇ ತರಿಸಿ ನೋಡುವ ವ್ಯವಸ್ಥೆ ಬಂದಿದೆ. ಶಾಲೆಯ ಕ್ರೀಡೆಗೆ ಬೇಕಾಗಬಹುದೆಂದು 14ನೆಯ ವಯಸ್ಸಿನಲ್ಲಿ ಯಾರೋ ಮತ್ತೊಂದು ಇನ್‌ಹೇಲರ್ ಬರೆದುಕೊಟ್ಟು, ಅದನ್ನು ಡಬ್ಬಿಯಿಂದ ತೆಗೆಯದೇ ಇಟ್ಟಿದ್ದರೂ ಅದು ಅಲ್ಲಿ ಕಾಣುತ್ತದೆ. ಮಗನ ದಾಖಲೆಗಳನ್ನು ನೀವೇ ಮೊದಲು ತರಿಸಿ ಓದಿ.

ಮೃಗಶಿರಾ ಮಳೆ ಹುಟ್ಟುವ ದಿನ ಹೈದರಾಬಾದಿನಲ್ಲಿ ಕೊಡುವ ಮೀನಿನ ಔಷಧವನ್ನು ನನ್ನ ತಮ್ಮನಿಗೆ ಎರಡು ವರ್ಷ ನುಂಗಿಸಿದ್ದೇವೆ. ಮೂರನೆಯ ವರ್ಷವೂ ಆದ ಮೇಲೆ ಭರ್ತಿಗೆ ಕಳುಹಿಸಬಹುದೇ? — ರಾಯಚೂರು

ಜೀವಂತ ಮೀನಿನ ಮರಿಯ ಬಾಯಲ್ಲಿ ಔಷಧವಿಟ್ಟು ನುಂಗಿಸುವ ಆ ಪದ್ಧತಿಯಿಂದ ಅಸ್ತಮಾ ವಾಸಿಯಾಗುತ್ತದೆ ಎನ್ನಲು ವೈದ್ಯವಿಜ್ಞಾನ ಒಪ್ಪುವ ಆಧಾರವಿಲ್ಲ. ನನಗೆ ಚಿಂತೆ ಮೀನಿನದಲ್ಲ, ಅದನ್ನು ನುಂಗಿದ ಮೇಲೆ ಡಾಕ್ಟರು ಕೊಟ್ಟ ಔಷಧ ನಿಲ್ಲಿಸಿಬಿಡುವ ಮನೆಯವರದು. ಮೂರನೆಯ ಜೂನ್‌ಗೆ ಕಾಯುವುದರ ಬದಲು ಈ ವಾರವೇ ತಮ್ಮನನ್ನು ಊದುವ ಪರೀಕ್ಷೆಗೆ ಕರೆದುಕೊಂಡು ಹೋಗಿ. ಫಲಿತಾಂಶ ಬಂದ ಮೇಲೆ, ಬೇಕಿದ್ದರೆ, ಮತ್ತೆ ಬರೆಯಿರಿ.